ದಂಡಿನ ದಾರಿಯಲ್ಲಿ ಹಸಿರು ಸೈಕಲ್ಲು

ಮಧುಗಿರಿಯಲ್ಲಿ ಚನ್ನಮಲ್ಲಯ್ಯ ಮೇಷ್ಟ್ರನ್ನು ಬಲ್ಲವರೆಲ್ಲ ಅವರ ಹಸಿರು ಸೈಕಲ್ಲನ್ನೂ ಬಲ್ಲರು. ನಂದಿಯಿಲ್ಲದೆ ಶಿವನುಂಟೆ, ನವಿಲಿಲ್ಲದೆ ಷಣ್ಮುಖನುಂಟೆ. ಹಾಗೆಯೇ ಆ ಸೈಕಲ್ಲಿಲ್ಲದೆ ಮೇಷ್ಟ್ರಿಲ್ಲ. ಬೆಳಿಗ್ಗೆ ಪ್ರೈಮರಿ ಶಾಲೆಗೆ ಹೊರಟರೆ ಹ್ಯಾಂಡಲಿಗೆ ಪುಸ್ತಕದ ಚೀಲ, ಸಂಜೆ ಮರಳುವಾಗ ಕ್ಯಾರಿಯರಿನ ಮೇಲೆ ತರಕಾರಿ, ಸೋಮವಾರ ಮಠದಲ್ಲಿ ಪುರಾಣ ಕೇಳಲು ಹೊರಟರೆ ಗಂಟೆಯ ಪಕ್ಕದಲ್ಲಿ ಸಿಕ್ಕಿಸಿದ ಒಂದು ಕಣಗಿಲೆ ಹೂವು. ಹದಿನೆಂಟು ವರ್ಷದಿಂದ ಈ ಜೋಡಿ ಬೇರೆಯಾದದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ.

ಮೇಷ್ಟ್ರು ಅದರ ಮೇಲೆ ಕೂತದ್ದನ್ನೂ ಯಾರೂ ಕಂಡಿರಲಿಲ್ಲ. ಆದರೆ ಈ ಎರಡನೆಯ ಸಂಗತಿ ಯಾರ ಗಮನಕ್ಕೂ ಬಂದಿರಲಿಲ್ಲ.

ಅದು ಹೇಗೆಂದರೆ, ದಾರಿಯಲ್ಲಿ ಎದುರಾದವರು, “ಅಯ್ಯೋ, ನಮ್ಮನ್ನ ನೋಡಿ ಇಳಿದುಬುಟ್ರಾ ಮೇಷ್ಟ್ರೇ? ಹತ್ತಿ, ಹತ್ತಿ, ನಮಗೆಲ್ಲ ಯಾಕೆ ಇಷ್ಟು ಮರ್ಯಾದೆ!” ಎನ್ನುವರು. ಮೇಷ್ಟ್ರು ನಕ್ಕು ತಲೆಯಾಡಿಸುವರು. ಇಂಥ ಸಭ್ಯಸ್ಥರು ಈ ಕಾಲದಲ್ಲಿಯೂ ಉಂಟಲ್ಲ ಎಂದುಕೊಂಡು ಎದುರಾದವರು ಮುಂದೆ ಹೋಗುವರು. ಹಿಂದಿನಿಂದ ಬಂದವರು, ಮೇಷ್ಟ್ರು ಇನ್ನೇನು ಹತ್ತುತ್ತಾರೆ ಎಂದು ತಿಳಿಯುವರು. ಮೇಷ್ಟ್ರು ಸುಳ್ಳು ಹೇಳುವವರಲ್ಲ. ಹಾಗೆಂದು ನಿಜ ಹೇಳುವ ಅವಸರವೂ ಅವರಿಗಿರಲಿಲ್ಲ. ನಿಜ ಇಷ್ಟೇ: ಅವರಿಗೆ ಸೈಕಲ್ ಬಿಡಲು ಬರುತ್ತಿರಲಿಲ್ಲ.

ಸೈಕಲ್ಲು ಬಂದದ್ದು ನಲವತ್ತಾರನೆಯ ಇಸವಿಯಲ್ಲಿ, ಮದುವೆಯಲ್ಲಿ. ಸಂಬಂಧ ಕುದುರಿಸಿದವನು ಮಾತಿನ ಭರದಲ್ಲಿ, “ಹುಡುಗ ಸೈಕಲ್ ಹತ್ತಿದ ಅಂದ್ರೆ ಗಾಳಿ ಹಿಂದೆ ಬೀಳಬೇಕು” ಎಂದುಬಿಟ್ಟಿದ್ದ. ಪಾವಗಡದ ಕಡಲೆಕಾಯಿ ಮಂಡಿಯ ವೀರಭದ್ರಯ್ಯನವರು ಅದನ್ನು ಮನಸ್ಸಿಗೆ ಹಚ್ಚಿಕೊಂಡು, ಮಹಾಯುದ್ಧ ಆಗತಾನೇ ಮುಗಿದು ಸೈಕಲ್ಲು ಕಣ್ಣಿಗೂ ಸಿಗದ ಆ ದಿನಗಳಲ್ಲಿ ಎಲ್ಲಿಂದಲೋ ಒಂದನ್ನು ತಂದು, ಕುಂಕುಮ ಹಚ್ಚಿ, ಮಗಳು ನಾಗರತ್ನಮ್ಮನ ಜೊತೆಗೆ ಅಳಿಯನಿಗೆ ಒಪ್ಪಿಸಿದರು. ವಾರದಲ್ಲಿ ಕಲಿತರಾಯಿತು ಎಂದುಕೊಂಡರು ಅಳಿಯ. ಮೊದಲ ವಾರ ನೆಂಟರ ಮನೆಯ ಊಟಗಳಲ್ಲಿ ಕಳೆಯಿತು. ಎರಡನೆಯ ವಾರ ಶಾಲೆಗೆ ಇನ್ಸ್‌ಪೆಕ್ಟರು ಬಂದರು. ಮೂರನೆಯ ವಾರದ ಹೊತ್ತಿಗೆ, ಇಷ್ಟು ದಿನ ಸೈಕಲ್ ಹಿಡಿದು ತಿರುಗಿದವನು ಈಗ ಕಲಿಯುವುದನ್ನು ಕಂಡರೆ ಜನ ಏನೆಂದಾರು ಎಂಬ ಸಂಕೋಚ ಹುಟ್ಟಿತು. ಆ ಸಂಕೋಚಕ್ಕೆ ಈಗ ಹದಿನೆಂಟು ತುಂಬಿತ್ತು.

ಮಾವನವರು ವರ್ಷಕ್ಕೊಂದು ಕಾರ್ಡು ಬರೆಯುತ್ತಿದ್ದರು: “ಒಮ್ಮೆಯಾದರೂ ಸೈಕಲ್ಲಿನ ಮೇಲೆ ಬನ್ನಿ. ಕಣ್ತುಂಬ ನೋಡಬೇಕು.” ಅಳಿಯ ವರ್ಷವರ್ಷವೂ ಬಸ್ಸಿನಲ್ಲಿ ಹೋಗುತ್ತಿದ್ದರು. ನಾಗರತ್ನಮ್ಮ ಉತ್ತರ ಬರೆಯುತ್ತಿದ್ದಳು: “ಇವರು ದಿನವೂ ಸೈಕಲ್ಲಿನ ಜೊತೆಯಲ್ಲೇ ಶಾಲೆಗೆ ಹೋಗುತ್ತಾರೆ. ಚೆನ್ನಾಗಿದ್ದಾರೆ.” ಆ ಕಾಗದದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹೀಗೆ ಸಂಸಾರ ನೆಮ್ಮದಿಯಿಂದ ಉರುಳುತ್ತಿರಲು, ಅರವತ್ನಾಲ್ಕರ ಮಾಘಮಾಸದಲ್ಲಿ ಮಧುಗಿರಿಗೆ ಹೊಸ ಬಿ.ಡಿ.ಓ. ಸಾಹೇಬರು ಬಂದರು. ಚೀನಾ ಯುದ್ಧದ ಬಿಸಿ ಇನ್ನೂ ಆರಿರಲಿಲ್ಲ. ಸಾಹೇಬರಿಗೆ ಚರಿತ್ರೆಯ ಹುಚ್ಚು. ಹಿಂದಿನ ಕಾಲದಲ್ಲಿ ಮರಾಠರ ದಂಡು, ಹೈದರನ ದಂಡು ಇತ್ಯಾದಿ ನಾನಾ ದಂಡುಗಳು ಈ ಸೀಮೆಯಲ್ಲಿ ಹಾದುಹೋದ ದಾರಿಯನ್ನು ಅವರು ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಎಳೆದಿದ್ದರು. ಸಿರಾ ಕೋಟೆಯಿಂದ ಮಧುಗಿರಿ, ಮಧುಗಿರಿಯಿಂದ ಕೊರಟಗೆರೆ ನೋಡಿಕೊಂಡು ಬಂದು, ಮಿಡಿಗೇಶಿಯ ಮೇಲೆ ಪಾವಗಡ. ಯಾವ ದಾರಿಯಲ್ಲಿ ಹೋಗುತ್ತಿದ್ದೇವೆಂದು ದಂಡಿನವರಿಗೇ ಅಷ್ಟು ಖಚಿತವಾಗಿ ಗೊತ್ತಿತ್ತೋ ಇಲ್ಲವೋ, ಸಾಹೇಬರಿಗೆ ಗೊತ್ತಿತ್ತು. ಆ ದಾರಿಯಲ್ಲಿ ಮೂರು ದಿನದ ಸೈಕಲ್ ಯಾತ್ರೆ ನಡೆಸಿ ಜನರಲ್ಲಿ ವೀರರಸ ಉಕ್ಕಿಸಬೇಕೆಂದು ಅವರು ಸಭೆ ಕರೆದರು.

ಸಭೆಗೆ ಹತ್ತು ಮಂದಿ ತರುಣರು ಹೆಸರು ಕೊಟ್ಟರು. ಜವಳಿ ಅಂಗಡಿಯ ಮಹಾಲಿಂಗಯ್ಯ ಹೊಸ ಕ್ಯಾನ್ವಾಸ್ ಬೂಟು ಮತ್ತು ಕಪ್ಪು ಕನ್ನಡಕ ಧರಿಸಿ ಮುಂದಿನ ಬೆಂಚಿನಲ್ಲೇ ಕೂತಿದ್ದ. ದಳಪತಿಯ ಪಟ್ಟ ತನಗೇ ಎಂದು ಅವನಿಗೆ ಖಾತ್ರಿಯಿತ್ತು.

“ದಳಪತಿ ಅಂದರೆ ಅನುಭವಸ್ಥ ಬೇಕು. ಈ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷ ಸೈಕಲ್ ಇಟ್ಟವರು ಯಾರು?” ಎಂದರು ಸಾಹೇಬರು.

“ಚನ್ನಮಲ್ಲಯ್ಯ ಮೇಷ್ಟ್ರು!” ಎಂದು ಸಭೆಗೆ ಸಭೆಯೇ ಕೂಗಿತು.

ಮೂಲೆಯಲ್ಲಿ ಕಡಲೆಪುರಿ ತಿನ್ನುತ್ತಿದ್ದ ಮೇಷ್ಟ್ರು ಎದ್ದು ನಿಂತರು.

“ಎಷ್ಟು ವರ್ಷದಿಂದ ಸೈಕಲ್ಲು?”

“ಹದಿನೆಂಟು ಸಾರ್.”

“ಎಷ್ಟು ಸಲ ಬಿದ್ದಿದ್ದೀರಿ?”

“ಒಂದು ಸಲವೂ ಇಲ್ಲ ಸಾರ್.”

ಸಭೆ ಚಪ್ಪಾಳೆ ತಟ್ಟಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಚಪ್ಪಾಳೆ ಕೇಳಿ ಮೇಷ್ಟ್ರಿಗೆ ಕಿವಿ ಬೆಚ್ಚಗಾಯಿತು. ಬಾಯಲ್ಲಿದ್ದ ಪುರಿ ನುಂಗಿ, “ಬೀಳೋರೆಲ್ಲ ಅವಸರದವರು ಸಾರ್” ಎಂದರು.

“ನೋಡಿ! ಇವರೇ ನಮ್ಮ ದಳಪತಿ!” ಎಂದು ಸಾಹೇಬರು ಮೇಜು ಗುದ್ದಿದರು. ಮಹಾಲಿಂಗಯ್ಯ ಕಪ್ಪು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

ಮನೆಗೆ ಬಂದು ವಿಷಯ ತಿಳಿಸಿದಾಗ ನಾಗರತ್ನಮ್ಮ ಸೌಟು ಹಿಡಿದೇ ಕೂತುಬಿಟ್ಟಳು. “ಏನ್ರೀ ಇದು! ಆಗಲ್ಲ ಅಂತ ಹೇಳಿ ಬರಬಾರದಾಗಿತ್ತೇ?”

“ಹೇಳೋಣ ಅಂತಲೇ ಎದ್ದೆ ಕಣೇ. ಅಷ್ಟರಲ್ಲಿ ಚಪ್ಪಾಳೆ ತಟ್ಟಿಬಿಟ್ಟರು.”

ಮಂಡಿ ನೋವೆಂದು ತಪ್ಪಿಸಿಕೊಳ್ಳುವುದೆಂದು ಗಂಡಹೆಂಡಿರು ತೀರ್ಮಾನಿಸಿದ ದಿನವೇ ಪಾವಗಡದಿಂದ ಕಾಗದ ಬಂತು. “ಕರಪತ್ರದಲ್ಲಿ ನಿಮ್ಮ ಹೆಸರು ದಪ್ಪಕ್ಷರದಲ್ಲಿ ನೋಡಿದೆ. ಊರಿಗೆಲ್ಲ ಹೇಳಿದ್ದೇನೆ. ಊರ ಮುಂದಿನ ಅರಳೀಕಟ್ಟೆಯ ಹತ್ತಿರ ನಿಂತಿರುತ್ತೇನೆ. ನೀವು ಸೈಕಲ್ಲಿನ ಮೇಲೆ ಬರುವುದನ್ನು ನೋಡಿದರೆ ನನಗೆ ಇನ್ನೇನೂ ಬೇಡ. ವಯಸ್ಸು ಅರವತ್ತೆಂಟಾಯಿತು.”

ನಾಗರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೋಗದಿದ್ದರೆ ಮಾವನ ಮನಸ್ಸು ಮುರಿಯುತ್ತದೆ. ಹೋದರೆ ಅಳಿಯನ ಮಾನ ಮುರಿಯುತ್ತದೆ. ಆ ಮಧ್ಯಾಹ್ನ ಹಿತ್ತಲ ಬಾಗಿಲು ಹಾಕಿಕೊಂಡು ಅವಳು ಕ್ಯಾರಿಯರ್ ಹಿಡಿದಳು, ಇವರು ಹತ್ತಿದರು. ಮೊದಲ ಸಲ ಬಟ್ಟೆ ಒಗೆಯುವ ಕಲ್ಲು ಎದುರಾಯಿತು. ಎರಡನೆಯ ಸಲ ನುಗ್ಗೆಮರ. ಮೂರನೆಯ ಸಲ ಸ್ವತಃ ನಾಗರತ್ನಮ್ಮ.

“ಸಾಕು ಬಿಡ್ರೀ,” ಎಂದಳು ಅವಳು, ಮೊಣಕೈ ನೀವಿಕೊಳ್ಳುತ್ತ. “ಸೈಕಲ್ಲಿಗೆ ಏನಾದ್ರೂ ಆದೀತು. ಹೋಗುವಷ್ಟು ದೂರ ಹೋಗಿ. ಶಿವ ಏನಾದರೂ ದಾರಿ ತೋರಿಸ್ತಾನೆ.”

ಸೈಕಲ್ಲನ್ನು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಮೇಷ್ಟ್ರು ಸಿರಾ ಸೇರಿದರು. ಅಲ್ಲಿ ಕೋಟೆಯ ಹತ್ತಿರ ಬಾಡಿಗೆ ಸೈಕಲ್ ಅಂಗಡಿಯ ಶಫೀವುಲ್ಲಾ ಸಾಬರು ಯಾತ್ರೆಯ ಮೆಕ್ಯಾನಿಕ್. ಹೊರಡುವ ಬೆಳಿಗ್ಗೆ ಒಂದೊಂದೇ ಸೈಕಲ್ ಪರೀಕ್ಷಿಸುತ್ತ ಬಂದವರು ಹಸಿರು ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಪೆಡಲು ತಿರುಗಿಸಿ ನೋಡಿದರು. ಸೀಟಿನ ಚರ್ಮ ಸವರಿದರು. ಆಮೇಲೆ ತಲೆಯೆತ್ತಿದರು.

“ಅರೇ ಮೇಷ್ಟ್ರೇ, ಹದಿನೆಂಟು ವರ್ಷದ ಗಾಡಿ ಅಂತೀರಿ. ಟೈರು ನಾಲ್ಕು ಸಲ ಬದಲಾಯಿಸಿದೀರಿ, ಸರಿ. ಪೆಡಲ್ ರಬ್ಬರಿನ ಮೇಲೆ ಕಂಪ್ನಿ ಅಚ್ಚು ಇನ್ನೂ ಹಂಗೇ ಐತಲ್ಲ! ಸೀಟಂತೂ ಮದುಮಗಳ ಥರ ಐತೆ. ಇದೇನು ಜಾದೂ?”

ಮೇಷ್ಟ್ರು ಸುತ್ತ ನೋಡಿದರು. ಬಗ್ಗಿ ಸಾಬರ ಕಿವಿಯಲ್ಲಿ ನಿಜ ಹೇಳಿದರು. ಹದಿನೆಂಟು ವರ್ಷದಲ್ಲಿ ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಎದೆಯಿಂದ ಮೂಟೆ ಇಳಿದಂತಾಯಿತು.

ಸಾಬರು ನಗಲಿಲ್ಲ. ಎದೆಯ ಮೇಲೆ ಗ್ರೀಸು ಕೈ ಇಟ್ಟುಕೊಂಡು, “ಖುದಾ ಕಸಂ, ನನ್ನ ಬಾಯಿಂದ ಆಚೆ ಬರಲ್ಲ. ಆದ್ರೆ ಪಾವಗಡ ಐವತ್ತು ಅರವತ್ತು ಮೈಲಿ ಐತೆ, ಹೆಂಗೆ ಹೋಗ್ತೀರಿ?” ಎಂದರು.

“ದಿನಾ ಹೋಗೋ ಹಾಗೇ.”

ಶಂಖ ಊದಿದರು. ಹನ್ನೊಂದು ಸೈಕಲ್ಲು, ಎರಡು ಪಂಪು, ಒಂದು ಬಾವುಟ, ಎರಡು ಡಬ್ಬ ಚಕ್ಕುಲಿಗಳ ಆ ಚತುರಂಗ ಸೈನ್ಯ ಧೂಳೆಬ್ಬಿಸಿ ಹೊರಟಿತು. ಮೇಷ್ಟ್ರು ಹ್ಯಾಂಡಲ್ ಹಿಡಿದು ಗಂಭೀರವಾಗಿ ನಿಂತೇ ಇದ್ದರು.

“ಹತ್ತಿ ಮೇಷ್ಟ್ರೇ!” ಎಂದ ಮಹಾಲಿಂಗಯ್ಯ.

“ನೀವು ನಡೀರಿ. ದಂಡಿನಲ್ಲಿ ದಳಪತಿ ಹಿಂದೆ ಇರಬೇಕು.”

ಇದು ಯಾವ ಯುದ್ಧಶಾಸ್ತ್ರದಲ್ಲಿದೆಯೋ ಮಹಾಲಿಂಗಯ್ಯನಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಹೇಳಿದ ಮೇಲೆ ಇದ್ದೇ ಇರಬೇಕು ಎಂದುಕೊಂಡು ತುಳಿದ. ಹತ್ತು ಸೈಕಲ್ಲುಗಳು ಕಣ್ಮರೆಯಾದ ಮೇಲೆ ಮೇಷ್ಟ್ರು ಹನ್ನೊಂದನೆಯದನ್ನು ತಳ್ಳತೊಡಗಿದರು. ಸಲಕರಣೆಯ ಪೆಟ್ಟಿಗೆ ಹೊತ್ತ ತಮ್ಮ ಸೈಕಲ್ಲಿನಲ್ಲಿ ಶಫೀವುಲ್ಲಾ ಸಾಬರು ಒಂದು ಫರ್ಲಾಂಗು ಮುಂದೆ ಹೋಗಿ ಮರದ ಕೆಳಗೆ ಕೂತು ಬೀಡಿ ಸೇದುವುದು, ಮೇಷ್ಟ್ರು ಬಂದಮೇಲೆ ಮತ್ತೊಂದು ಫರ್ಲಾಂಗು ಹೋಗುವುದು, ಹೀಗೆ ಜೊತೆಗೊಟ್ಟರು.

ಹತ್ತು ಮೈಲಿಯಾಗುವಾಗ ಮೇಷ್ಟ್ರ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಚಪ್ಪಲಿ ಬಿಚ್ಚಿ ಕ್ಯಾರಿಯರಿಗೆ ಸಿಕ್ಕಿಸಿ ಬರಿಗಾಲಲ್ಲಿ ನಡೆದರು. ರಸ್ತೆ ಬದಿಯ ಹುಣಸೆಮರದ ನೆರಳಲ್ಲಿ ಚಿಕ್ಕಹನುಮಕ್ಕ ಎಂಬ ಮುದುಕಿ ಮಜ್ಜಿಗೆ ಮಡಕೆ ಇಟ್ಟುಕೊಂಡು ಕೂತಿದ್ದಳು.

“ಯಾಕಪ್ಪಾ, ಸೈಕಲ್ಲು ಕೆಟ್ಟೋಯ್ತಾ?” ಎಂದಳು.

“ಇಲ್ಲ ಕಣಮ್ಮ.”

“ಗಾಳಿ ಇಲ್ವಾ?”

“ಐತೆ.”

“ಕಾಲು ನೋವಾ?”

“ಇಲ್ಲವ್ವಾ.”

“ಗಟ್ಟಿಮುಟ್ಟಾಗಿದ್ದೀಯ, ಸೈಕಲ್ಲೂ ಐನಾತಿ ಐತೆ. ಮತ್ತೆ ಈ ಬಿಸಿಲಾಗೆ ಬರಿಗಾಲಾಗೆ ಯಾಕಪ್ಪಾ ತಳ್ಕಂಡೋಯ್ತೀಯ? ಎಲ್ಲಿಗೆ?”

“ಪಾವಗಡಕ್ಕೆ.”

“ಅಲ್ಲಿಗಂಟಾ!”

ಸುಳ್ಳು ಹೇಳಲು ಮನಸ್ಸು ಬಾರದೆ, ನಿಜ ಹೇಳಲು ಬಾಯಿ ಬಾರದೆ, ಮೇಷ್ಟ್ರು ಆಕಾಶ ನೋಡಿದರು. ಚಿಕ್ಕಹನುಮಕ್ಕನೂ ಆಕಾಶ ನೋಡಿದಳು. ಬರಿಗಾಲು ನೋಡಿದಳು. ಹಣೆಯ ವಿಭೂತಿ ನೋಡಿದಳು. ಹ್ಯಾಂಡಲಿನ ಕಣಗಿಲೆ ನೋಡಿದಳು. ಆ ಸೀಮೆಯಲ್ಲಿ ಹಣೆಯಲ್ಲಿ ವಿಭೂತಿ, ಕಾಲಲ್ಲಿ ಬರಿ ಮಣ್ಣು, ಬಾಯಲ್ಲಿ ಮೌನ ಇಟ್ಟುಕೊಂಡು ದೂರ ನಡೆಯುವವರು ಯಾಕೆ ನಡೆಯುತ್ತಾರೆಂದು ಮಕ್ಕಳಿಗೂ ಗೊತ್ತು.

“ಶಿವಶಿವಾ, ಹರಕೆ!” ಎಂದು ಅವಳು ಕೈಮುಗಿದಳು. “ಗಾಡಿ ಇದ್ರೂ ಹತ್ತಬಾರದು ಅಂತ ಹರಕೆ ಹೊತ್ತವನಪ್ಪ ಈತ! ನಮ್ಮೋರು ನಡಕಂಡೋಗದು ಏನು ದೊಡ್ಡದು, ಗಾಡಿ ಇಲ್ದೋರು. ಕೈಯಾಗೆ ಸೈಕಲ್ ಇಟ್ಕಂಡು ನಡೆಯಾದು ಐತಲ್ಲ, ಅದು ಹರಕೆ!”

ಮಜ್ಜಿಗೆ ಕುಡಿಸಿದಳು. ಕಾಸು ಮುಟ್ಟಲಿಲ್ಲ. ಅಷ್ಟರಲ್ಲಿ ಮಧುಗಿರಿಯ ಬಸ್ಸು ಬಂತು. ಕೈಯೊಡ್ಡಿ ನಿಲ್ಲಿಸಿ, ಕಿಟಕಿಯಲ್ಲಿ ಮುಖವಿಟ್ಟು ಡ್ರೈವರಿನಿಂದ ಹಿಡಿದು ಹಿಂದಿನ ಸೀಟಿನವರವರೆಗೂ ಎಲ್ಲರಿಗೂ ವಿಷಯ ಮುಟ್ಟಿಸಿದಳು. ಬಸ್ಸು ಮೇಷ್ಟ್ರಿಗಿಂತ ಜೋರಾಗಿ ಹೋಯಿತು.

ಮೇಷ್ಟ್ರು ಸಂಜೆ ಬಡವನಹಳ್ಳಿ ಮುಟ್ಟುವಾಗ ಊರ ಹೆಂಗಸರು ಕೊಡದಲ್ಲಿ ನೀರು ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬರು ಮೇಷ್ಟ್ರ ಕಾಲಿಗೆ ನೀರು ಹಾಕಿದರೆ ಇನ್ನೊಬ್ಬರು ಸೈಕಲ್ಲಿನ ಗಾಲಿಗೆ ಹಾಕಿದರು. ಬೆಳಿಗ್ಗೆ ಹತ್ತಕ್ಕೇ ಬಂದು ಕಾದಿದ್ದ ಹತ್ತು ಮಂದಿ ವೀರರು ಶಾಲೆಯ ಜಗಲಿಯಲ್ಲಿ ಚಕ್ಕುಲಿಯ ಡಬ್ಬ ಖಾಲಿ ಮಾಡಿ ಹಸಿದು ಕೂತಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ. ಮೇಷ್ಟ್ರ ಮುಂದೆ ಬಾಳೆಲೆ ಬಿತ್ತು, ಒಬ್ಬಟ್ಟು ಬಿತ್ತು, ತುಪ್ಪ ಬಿತ್ತು.

“ನಮಗೂ ಸ್ವಲ್ಪ...” ಎಂದ ಮಹಾಲಿಂಗಯ್ಯ.

“ನೀವೆಲ್ಲ ಸೈಕಲ್ ಮೇಲೆ ಕುಂತ್ಕಂಡು ಬಂದೋರಲ್ವಾ?” ಎಂದಳು ಬಡಿಸುವ ಹೆಂಗಸು. “ಮುದ್ದೆ ಐತೆ, ಹಾಕ್ತೀನಿ ಬನ್ನಿ.”

ಮೇಷ್ಟ್ರು ಒಬ್ಬಟ್ಟು ಮುರಿಯುತ್ತ ಶಫೀವುಲ್ಲಾ ಸಾಬರಿಗೆ ಮೆಲ್ಲಗೆ, “ಸಾಬ್ರೇ, ನಾನು ಒಂದು ಮಾತೂ ಆಡಲಿಲ್ಲ” ಎಂದರು.

“ಅದಕ್ಕೇ ನಂಬಿದಾರೆ ಮೇಷ್ಟ್ರೇ. ಊಟ ಮಾಡಿ,” ಎಂದರು ಸಾಬರು.

ಮರುದಿನ ಮಧುಗಿರಿಯಲ್ಲಿ ಸಂಗತಿ ಮತ್ತೊಂದು ಮೆಟ್ಟಿಲು ಏರಿತು. ಮೇಷ್ಟ್ರು ಸೈಕಲ್ಲು ತಳ್ಳಿಕೊಂಡು ಊರೊಳಗೆ ಬಂದದ್ದನ್ನು ನೋಡಿ, ಹದಿನೆಂಟು ವರ್ಷದಿಂದ ಅದನ್ನೇ ನೋಡುತ್ತಿದ್ದ ಊರು ಮೊದಲ ಬಾರಿಗೆ ಕಣ್ಣುಬಿಟ್ಟಿತು.

“ಅಲ್ರೀ ಚೌಡಯ್ಯನೋರೇ,” ಎಂದ ಎದುರುಮನೆಯ ಲಕ್ಷ್ಮಯ್ಯ ಪಕ್ಕದ ಮನೆಯವರಿಗೆ, “ಇವರು ಸೈಕಲ್ ಮೇಲೆ ಕೂತದ್ದು ನೀವು ಯಾವತ್ತಾದ್ರೂ ನೋಡಿದೀರಾ?”

ಚೌಡಯ್ಯ ಬಹಳ ಹೊತ್ತು ಯೋಚಿಸಿದ. “ಇಳಿದದ್ದು ನೋಡಿದೀನಿ.”

“ಇಳಿದದ್ದೂ ನೋಡಿಲ್ಲ ಕಣ್ರೀ! ಇಳಿದ ಮೇಲೆ ನೋಡಿದೀವಿ!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೇನು ಗುಟ್ಟು ಬಯಲಾಯಿತು ಎಂದುಕೊಂಡರು ಮೇಷ್ಟ್ರು. ಅಷ್ಟರಲ್ಲಿ ಲಕ್ಷ್ಮಯ್ಯ ಅಂಗವಸ್ತ್ರ ಸೊಂಟಕ್ಕೆ ಸುತ್ತಿ ಅಲ್ಲೇ ಬೀದಿಯಲ್ಲಿ ಅಡ್ಡಬಿದ್ದ. “ಹದಿನೆಂಟು ವರ್ಷದ ಹರಕೆ! ಒಂದು ದಿನ ಬಾಯಿಬಿಟ್ಟು ಹೇಳಲಿಲ್ಲವಲ್ಲ ಪುಣ್ಯಾತ್ಮ! ಎದುರು ಮನೆಯಲ್ಲಿದ್ದು ನಾವು ಕುರುಡರಾಗಿದ್ದೆವಲ್ಲ!”

ನಾಗರತ್ನಮ್ಮ ಆರತಿ ಹಿಡಿದು ಬಾಗಿಲಿಗೆ ಬಂದಳು. ಕೇರಿಯ ಹೆಂಗಸರು ಅವಳನ್ನು ಮುತ್ತಿಕೊಂಡರು. “ಹರಕೆ ಯಾವಾಗ ತೀರುತ್ತೆ ನಾಗರತ್ನಮ್ಮ? ಯಾವಾಗ ಹತ್ತುತ್ತಾರೆ?”

ಅವಳು ಆರತಿಯ ತಟ್ಟೆ ಕೆಳಗಿಟ್ಟಳು. “ನಮ್ಮಪ್ಪ... ಪಾವಗಡದಲ್ಲಿ ಕಾಯ್ತಾ ಇದಾರೆ,” ಎಂದಳು, ಅಷ್ಟೇ.

ಉಳಿದದ್ದನ್ನು ಹೆಂಗಸರೇ ಪೂರ್ತಿ ಮಾಡಿದರು. ಕೊಟ್ಟ ಮಾವನ ಪಾದ ಮುಟ್ಟಿ, ಅವರ ಕಣ್ಣೆದುರೇ ಮೊದಲ ಸಲ ಹತ್ತುವುದೆಂದು ಮೇಷ್ಟ್ರು ಮದುವೆಯ ದಿನವೇ ಹರಕೆ ಹೊತ್ತಿದ್ದರಂತೆ! ಈ ಸುದ್ದಿ ಸಂತೆಗೆ ಹೋಯಿತು. ಸಂತೆಯಿಂದ ಕೊಡಿಗೇನಹಳ್ಳಿಗೆ ಹೋಯಿತು. ಅಲ್ಲಿಂದ ಎರಡು ಬಸ್ಸು ಜನ ಸೈಕಲ್ಲು ನೋಡಲು ಬಂದರು. ಕೊರಟಗೆರೆಯವರು ಚಪ್ಪರ ಕಟ್ಟಿ ಯಾತ್ರೆಗೆ ಕಾದಿದ್ದರು. ನಡೆದು ಹೋಗಿ ಬರಲು ಮತ್ತೆರಡು ದಿನ ಬೇಕೆಂದು ಆ ಊರನ್ನು ಪಟ್ಟಿಯಿಂದಲೇ ತೆಗೆಯಬೇಕಾಯಿತು. ಅವರಿಗೆ ಸಿಟ್ಟು ಬಂದು, ಚಪ್ಪರಕ್ಕೆ ತಂದ ಬಾಳೆಕಂದು ಸಮೇತ ಅವರೇ ಮಧುಗಿರಿಗೆ ಬಂದುಬಿಟ್ಟರು.

ನಾಗರತ್ನಮ್ಮ ಒಳಗೆ ಗಂಡನಿಗೆ, “ಏನ್ರೀ, ಅಪ್ಪನ ಮುಂದೆ ಈಗ ಹತ್ತಲೇಬೇಕಲ್ರೀ!” ಎಂದಳು.

“ಇಲ್ಲೀತನಕ ಹರಕೆ ನನ್ನ ಕಾಪಾಡಿತು ಅಂದ್ಕೊಂಡೆ ಕಣೇ,” ಎಂದರು ಮೇಷ್ಟ್ರು. “ಅದು ನನ್ನ ಕತ್ತು ಹಿಡ್ಕೊಂಡು ಪಾವಗಡಕ್ಕೆ ಕರ್ಕೊಂಡು ಹೋಗ್ತಾ ಇದೆ.”

ಮಧುಗಿರಿ ದಾಟಿ ಮೂರು ಮೈಲಿ ಹೋಗಿದ್ದರು. ಮುಂದೆ ಹೋಗಿದ್ದ ಮಹಾಲಿಂಗಯ್ಯ ರಸ್ತೆಯ ಪಕ್ಕದಲ್ಲಿ ಸೈಕಲ್ ಹಿಡಿದು ನಿಂತಿದ್ದ. ಬೂಟು ಬಿಚ್ಚಿದ್ದ. ಕಪ್ಪು ಕನ್ನಡಕ ಜೇಬು ಸೇರಿತ್ತು. ಹಣೆಯ ಮೇಲೆ ಮೂರು ಬೆರಳು ವಿಭೂತಿ ಬಂದಿತ್ತು.

“ಯಾಕಪ್ಪಾ, ಪಂಕ್ಚರೇ?” ಎಂದರು ಮೇಷ್ಟ್ರು.

“ಇಲ್ಲ ಮೇಷ್ಟ್ರೇ,” ಎಂದ ಅವನು ತಲೆ ತಗ್ಗಿಸಿ. “ನಾನೂ ಒಂದು ಹರಕೆ ಹೊತ್ತುಬಿಟ್ಟೆ. ಬೆಳಿಗ್ಗೆ.”

ಮಿಡಿಗೇಶಿ ಬರುವಷ್ಟರಲ್ಲಿ ಉಳಿದ ಒಂಬತ್ತು ಮಂದಿಗೂ ಭಕ್ತಿ ಹತ್ತಿತ್ತು. ಒಬ್ಬಟ್ಟಿನ ವಾಸನೆ ಯಾವ ಪುರಾಣವೂ ಮಾಡದ ಕೆಲಸ ಮಾಡಿತ್ತು. ಹನ್ನೊಂದು ಜನ ಹನ್ನೊಂದು ಸೈಕಲ್ಲು ತಳ್ಳಿಕೊಂಡು ಬರಿಗಾಲಲ್ಲಿ ಸಾಲಾಗಿ ನಡೆದರು. ಮುಂದೆ ಭಜನೆಯವರು ಸೇರಿಕೊಂಡರು. ಇಡೀ ಮೆರವಣಿಗೆಯಲ್ಲಿ ಸೈಕಲ್ಲಿನ ಮೇಲೆ ಕೂತಿದ್ದವರು ಶಫೀವುಲ್ಲಾ ಸಾಬರೊಬ್ಬರೇ. ಹಳ್ಳಿಯವರು ಅವರನ್ನು ಅನುಮಾನದಿಂದ ನೋಡಿ, “ಇವರ್ಯಾಕೆ ಕುಂತವ್ರೆ?” ಎಂದು ಕೇಳುತ್ತಿದ್ದರು.

ಎದುರಿನಿಂದ ಜೀಪಿನಲ್ಲಿ ಬಿ.ಡಿ.ಓ. ಸಾಹೇಬರು ಬಂದರು. ಯಾತ್ರೆ ಮುಗಿಯಬೇಕಾಗಿದ್ದ ದಿನ ಕಳೆದು ಒಂದು ದಿನವಾಗಿತ್ತು. “ಏನ್ರೀ ಇದು! ಸೈಕಲ್ ಯಾತ್ರೆಯೋ ಪಾದಯಾತ್ರೆಯೋ? ನಾನು ಮೇಲಿನವರಿಗೆ ಏನಂತ ರಿಪೋರ್ಟ್ ಬರೀಲಿ?” ಎಂದು ಕೂಗಾಡಿದರು. ಭಜನೆಯವರ ಮುಂದಾಳು ದೊಡ್ಡಹನುಮಯ್ಯ ತಾಳ ಬಡಿಯುವುದನ್ನು ನಿಲ್ಲಿಸಿ ಹೇಳಿದ: “ಸಾಮಿ, ಆ ಕಾಲದ ದಂಡು ಏನು ಸೈಕಲ್ ಮೇಲೆ ಬಂತಾ? ನಡಕಂಡೇ ಬಂತು.”

ಸಾಹೇಬರು ನಕ್ಷೆ ತೆಗೆದು ನೋಡಿದರು. ಅವರ ಕಣ್ಣಲ್ಲಿ ಚರಿತ್ರೆಯ ಬೆಳಕು ಮೂಡಿತು. “ಅಲ್ಲವೇ! ಸಾಕ್ಷಾತ್ ದಂಡಿನ ರೀತಿಯಲ್ಲೇ!” ಎಂದು ಜೀಪಿನಿಂದಿಳಿದು, ಬೂಟ್ಸು ಕಳಚಿ, ಡ್ರೈವರಿಗೆ ಜೀಪನ್ನು ಹಿಂದಿನಿಂದ ತಳ್ಳಿಕೊಂಡು ಬರಲು ಹೇಳಿದರು. ಸ್ವಲ್ಪ ದೂರವಾದ ಮೇಲೆ ಡ್ರೈವರ್ ಅತ್ತುಕೊಂಡಿದ್ದರಿಂದ ಅವನಿಗೆ ಮಾತ್ರ ಹತ್ತಲು ಅಪ್ಪಣೆ ಸಿಕ್ಕಿತು.

ಐದನೆಯ ದಿನ ಹೊತ್ತು ಇಳಿಯುವ ಮುಂಚೆ ಪಾವಗಡದ ಬೆಟ್ಟ ಕಾಣಿಸಿತು. ಊರ ಮುಂದಿನ ಅರಳೀಕಟ್ಟೆಯ ಹತ್ತಿರ ಊರಿಗೆ ಊರೇ ನಿಂತಿತ್ತು. ಮಧ್ಯದಲ್ಲಿ ಬಿಳಿ ಪೇಟ, ಬಿಳಿ ಕಚ್ಚೆ, ಬಿಳಿ ಮೀಸೆಯ ವೀರಭದ್ರಯ್ಯನವರು. ಮೇಷ್ಟ್ರು ನೂರು ಮಾರು ದೂರದಲ್ಲೇ ನಿಂತುಬಿಟ್ಟರು.

“ಎಕ್ಕಂಡಿ ಸಾಮೀ! ಹತ್ತಿ ಸಾಮೀ!” ಎಂದು ಜನ ತೆಲುಗು ಕನ್ನಡ ಕಲೆಸಿ ಕೂಗಿದರು. “ಹರಕೆ ತೀರ್ಸಂಡಿ! ಮಾವನೋರು ನೋಡ್ತಾವ್ರೆ!”

“ಹತ್ತಿ ದಳಪತಿಗಳೇ!” ಎಂದರು ಸಾಹೇಬರು, ಕಾಲಿನ ಬೊಬ್ಬೆಯನ್ನೂ ಮರೆತು.

ವಾಲಗ ಜೋರಾಯಿತು. ಮೇಷ್ಟ್ರು ಪೆಡಲಿನ ಮೇಲೆ ಒಂದು ಕಾಲಿಟ್ಟರು. ಒಗೆಯುವ ಕಲ್ಲು, ನುಗ್ಗೆಮರ, ನಾಗರತ್ನಮ್ಮ ಮೂವರೂ ಕಣ್ಮುಂದೆ ಬಂದರು. ಕಾಲು ತೆಗೆದರು. ಸೈಕಲ್ಲನ್ನು ಶಫೀವುಲ್ಲಾ ಸಾಬರ ಕೈಗೆ ಕೊಟ್ಟು, ಒಬ್ಬರೇ ನಡೆದುಹೋಗಿ ಮಾವನ ಕಾಲಿಗೆ ಬಿದ್ದರು. ಜನರೆಲ್ಲ ‘ಆಶೀರ್ವಾದ ತಗೊಳ್ತಾವ್ರೆ’ ಎಂದು ಕೈಮುಗಿದರು. ಮೇಷ್ಟ್ರು ಏಳಲಿಲ್ಲ. ಬಿದ್ದಲ್ಲೇ ಹೇಳಿದರು:

“ಮಾವ, ಕ್ಷಮಿಸಬೇಕು. ನನಗೆ ಸೈಕಲ್ ಬರೋದಿಲ್ಲ. ಹದಿನೆಂಟು ವರ್ಷದಿಂದ ಬರೋದಿಲ್ಲ.”

ಮಾವನವರು ಅಳಿಯನನ್ನು ಎಬ್ಬಿಸುವ ನೆಪದಲ್ಲಿ ಬಗ್ಗಿದರು. ಮೀಸೆ ಕಿವಿಗೆ ತಾಗಿತು.

“ನಂಗೂ ಬರಲ್ಲ ಅಳಿಯಂದ್ರೇ.”

“ಏನಂದಿರಿ?”

“ಬೆಂಗಳೂರಾಗೆ ಕೊಂಡೆ. ರೈಲಾಗೆ ಹಿಂದೂಪುರದಗಂಟ ತಂದೆ. ಅಲ್ಲಿಂದ ಎರಡು ದಿನ ತಳ್ಕಂಡು ಬಂದೆ. ದಾರಿಯಾಗೆ ಕೇಳಿದೋರಿಗೆಲ್ಲ, ಅಳಿಯ ಕೂರೋಕ್ಮುಂಚೆ ನಾನು ಕೂರಬಾರದು ಅಂತ ಹೇಳಿದೆ. ನೀವು ಮೇಲೆ ಕುಂತು ಬಂದ್ರೆ, ಹೆಂಗೆ ಹತ್ತೋದು ಅಂತ ನೋಡ್ಕಬೇಕು ಅಂತ ಆಸೆ. ಅದಕ್ಕೇ ವರ್ಷಾವರ್ಷ ಕಾರ್ಡು ಬರೀತಿದ್ದೆ.”

ಅಳಿಯ ಮಾವನ ಮುಖ ನೋಡಿದರು. ಮಾವ ಅಳಿಯನ ಮುಖ ನೋಡಿದರು. ಮೊದಲು ಯಾರು ನಕ್ಕರೋ ತಿಳಿಯದು. ಇಬ್ಬರೂ ಅಪ್ಪಿಕೊಂಡು ನಗುತ್ತಿದ್ದದ್ದನ್ನು ದೂರದ ಜನ ಅಳುತ್ತಿದ್ದಾರೆಂದು ತಿಳಿದು ತಾವೂ ಅತ್ತರು. ವಾಲಗದವನೂ ಕಣ್ಣೊರೆಸಿಕೊಂಡ.

ವೀರಭದ್ರಯ್ಯನವರು ನೆಟ್ಟಗೆ ನಿಂತು ಕೈಯೆತ್ತಿದರು. “ಕೇಳಿ ಎಲ್ಲಾರೂ! ಈ ಹರಕೆ ಜನ ನೋಡ್ತಾ ಒಪ್ಪಿಸೋದಲ್ಲ. ನಾಳೆ ಹೊತ್ತು ಹುಟ್ಟುವಾಗ, ಮಾವ ಅಳಿಯ ಇಬ್ರೇ!”

“ಸಾಬರೂ ಬೇಕು,” ಎಂದು ಪಿಸುಗುಟ್ಟಿದರು ಮೇಷ್ಟ್ರು.

“ಜೊತೇಗೆ ಮೆಕ್ಯಾನಿಕ್ ಸಾಬರೂ!”

ಜನ ಭಕ್ತಿಯಿಂದ ದಾರಿ ಬಿಟ್ಟರು. ಒಂದು ಕಡೆ ಹ್ಯಾಂಡಲು ಅಳಿಯ ಹಿಡಿದರು, ಇನ್ನೊಂದು ಕಡೆ ಮಾವ ಹಿಡಿದರು. ಇಬ್ಬರೂ ಸೈಕಲ್ಲನ್ನು ಮನೆಯತ್ತ ತಳ್ಳಿಕೊಂಡು ಹೊರಟರು.

“ಅರೆರೆ, ಮಾವನೋರಿಗೂ ಹರಕೆನಂತೆ!” ಎಂದಿತು ಜನ.

ಮರುದಿನ ಮುಂಜಾನೆ ಪಾವಗಡದ ಕೆರೆಯಂಗಳ. ನೀರು ಬತ್ತಿದ ನೆಲ ಹಪ್ಪಳದ ಹಾಗೆ ಬಿರುಕುಬಿಟ್ಟು ಒಣಗಿತ್ತು. ಕಲ್ಲಿಲ್ಲ, ಮರವಿಲ್ಲ, ಜನವಿಲ್ಲ. ಶಫೀವುಲ್ಲಾ ಸಾಬರು ಕ್ಯಾರಿಯರ್ ಹಿಡಿದು, “ಬಿಸ್ಮಿಲ್ಲಾ! ಮುಂದೆ ನೋಡಿ ಮೇಷ್ಟ್ರೇ, ಗಾಲಿ ನೋಡಬೇಡಿ!” ಎಂದರು. ಮೇಷ್ಟ್ರು ನಾಲ್ಕು ಮಾರು ಹೋಗಿ ಮಲಗಿದರು. ಮತ್ತೆ ಹತ್ತಿದರು. ಹತ್ತು ಮಾರು ಹೋಗಿ ಮಲಗಿದರು. ಎದ್ದು ಮೈಕೊಡವಿಕೊಂಡು ಮಗುವಿನ ಹಾಗೆ ನಕ್ಕರು. “ಹತ್ತು ಮಾರು, ಸಾಬ್ರೇ! ನೋಡಿದ್ರಾ ಮಾವ? ಹತ್ತು ಮಾರು!”

ವೀರಭದ್ರಯ್ಯನವರು ನೋಡುತ್ತ ನಿಂತವರು ಪೇಟ ಬಿಚ್ಚಿ ಅಳಿಯನ ಕೈಗೆ ಕೊಟ್ಟರು. ಕಚ್ಚೆಯನ್ನು ಮೊಣಕಾಲ ಮೇಲಕ್ಕೆ ಬಿಗಿದರು.

“ತನ್ನಿ ಇತ್ತ.”

“ಮಾವ, ಬೇಡ! ಅರವತ್ತೆಂಟು—”

“ಹಿಡ್ಕಳ್ರೀ ಸಾಬ್ರೇ!”

ಸಾಬರು ಹಿಡಿದುಕೊಂಡು ಓಡಿದರು. ಇಪ್ಪತ್ತು ಹೆಜ್ಜೆಯಾದ ಮೇಲೆ ಉಸಿರು ಸಾಲದೆ ಬಿಟ್ಟುಬಿಟ್ಟರು. ಹಸಿರು ಸೈಕಲ್ಲು ಬೀಳಲಿಲ್ಲ. ಒಮ್ಮೆ ಎಡಕ್ಕೆ ವಾಲಿತು, ಒಮ್ಮೆ ಬಲಕ್ಕೆ ವಾಲಿತು, ಆಮೇಲೆ ನೆಟ್ಟಗಾಗಿ ಕೆರೆಯಂಗಳದ ಉದ್ದಕ್ಕೂ ಸರಸರನೆ ಹೋಯಿತು. ಬಿಳಿ ಮೀಸೆ ಗಾಳಿಗೆ ಹಿಂದಕ್ಕೆ ಹಾರಿತು. ಬೆಟ್ಟದ ನೆತ್ತಿಯ ಮೇಲೆ ಸೂರ್ಯ ತಲೆ ಹಾಕಿದ.

“ಅಳಿಯಂದ್ರೇ! ನೋಡ್ತಿದೀರಾ!” ಎಂದು ಕೂಗುತ್ತ ಅವರು ಕೆರೆಯ ಒಂದು ಸುತ್ತು ಹಾಕಿದರು. ಎರಡನೆಯ ಸುತ್ತು ಹಾಕಿದರು. ಮೇಷ್ಟ್ರು ಪೇಟ ಎದೆಗೊತ್ತಿಕೊಂಡು, ಕಣ್ತುಂಬಿಕೊಂಡು ಪಕ್ಕದಲ್ಲೇ ಓಡಿದರು. ಮೂರನೆಯ ಸುತ್ತಿನಲ್ಲಿ ಮಾವನ ದನಿ ಸ್ವಲ್ಪ ಬೇರೆಯಾಗಿ ಕೇಳಿಸಿತು.

“ಅಳಿಯಂದ್ರೇ, ಇದನ್ನ ಇಳಿಯೋದು ಹೆಂಗೆ?”

“ಗೊತ್ತಿಲ್ಲ ಮಾವ! ಸಾಬ್ರನ್ನ ಕೇಳ್ತೀನಿ!”

ಸಾಬರು ಏರಿಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು. ಮೇಲುಸಿರು ಬಿಡುತ್ತ ಬಂದ ಮೇಷ್ಟ್ರ ಮಾತು ಕೇಳಿ, ದೂರದಲ್ಲಿ ಗಂಟೆ ಬಾರಿಸುತ್ತ ನಾಲ್ಕನೆಯ ಸುತ್ತಿಗೆ ಹೊರಳುತ್ತಿದ್ದ ಮುದುಕರನ್ನು ಒಂದು ಗಳಿಗೆ ನೋಡಿದರು.

“ಇನ್ನೊಂದು ಸುತ್ತು ಬರ್ಲಿ ಬುಡಿ ಮೇಷ್ಟ್ರೇ,” ಎಂದರು. “ಅವರಿಗೇನು ಇಳಿಯೋ ಮನಸ್ಸಿದ್ದಂಗೆ ಕಾಣಲ್ಲ.”